ದೇವರೇ ಕುಡಿದಿದ್ದ ಅಂತ ಒಪ್ಕೊಳ್ಳೋ ಜನ

ಈಗಷ್ಟೇ ಫ್ಯಾಮಿಲಿ ಗ್ರೂಪಲ್ಲಿ ಒಂದು ವಿಡಿಯೋ ಬಂತು, "ಆಫ್ರಿಕಾದಲ್ಲಿ ಅಂಗವಿಕಲರು ಅಂದ್ರೆ ಶಾಪ, ಬಲಿ ಕೊಡ್ತಾರೆ, ಅದೇ ಅವರ ಧರ್ಮ" ಅಂತ. ಕೆಳಗೆ ಸಾಲಾಗಿ ಕೈಮುಗಿಯೋ ಇಮೋಜಿ, ಸದ್ಯ ನಾವಲ್ಲಿ ಹುಟ್ಲಿಲ್ಲ ಅನ್ನೋ ಥರ. ಹಾಕಿದ್ದು ನನ್ನ ಕಾಲಿನ ಕಥೆ ಚೆನ್ನಾಗಿ ಗೊತ್ತಿರೋರೇ. ಮೈಯೆಲ್ಲ ಉರಿದೋಯ್ತು.

ಸ್ವಾಮಿ, ಆಫ್ರಿಕಾ ಅಂದ್ರೆ 54 ದೇಶ. ಯಾವ ಜನ, ಯಾವ ದೇವರು ಅಂತ ಕೇಳೋ ವ್ಯವಧಾನನೂ ಇಲ್ವಾ?

ನೈಜೀರಿಯಾದ ನೈಋತ್ಯದಲ್ಲಿ ಯೊರುಬಾ ಜನ ಇದಾರೆ. ಅವರ ಕಥೇಲಿ ಜೇಡಿಮಣ್ಣಲ್ಲಿ ಮನುಷ್ಯರ ಮೈ ತಿದ್ದೋನು ಒಬಾಟಲಾ ಅನ್ನೋ ದೇವರು, ಅದಕ್ಕೆ ಉಸಿರು ಕೊಡೋನು ಎಲ್ಲರಿಗಿಂತ ಮೇಲಿನ ದೇವರು ಒಲೊಡುಮರೆ. ಒಂದಿನ ಒಬಾಟಲಾ ತಾಳೆಮರದ ಹೆಂಡ ಜಾಸ್ತಿ ಏರಿಸ್ಕೊಂಡೇ ಕೆಲಸಕ್ಕೆ ಕೂತ, ಕೈ ತಪ್ತು, ಹಂಗೆ ಬಂದೋರೇ ಗೂನುಬೆನ್ನಿನೋರು, ಕುರುಡರು, ಕಾಲು ಸೊಟ್ಟಗಿರೋರು, ಅಲ್ಬಿನಿಸಂ ಇರೋರು, ಅಂದ್ರೆ ಮೈಗೂ ಕೂದಲಿಗೂ ಬಣ್ಣ ಇಲ್ದೆ ಬೆಳ್ಳಗೆ ಹುಟ್ಟೋರು. ಅಮಲು ಇಳಿದ್ಮೇಲೆ ನೋಡಿ ಇನ್ಮೇಲೆ ಕುಡಿಯಲ್ಲ, ಇವರೆಲ್ಲ ನನ್ನೋರು ಅಂದ. ಅವನ ಭಕ್ತರು ಬಿಳಿ ಬಟ್ಟೆ ಉಡ್ತಾರೆ, ಆ ಹೆಂಡ ಮುಟ್ಟಂಗಿಲ್ಲ. ಇಂಥೋರನ್ನ ದೇವರ ಜನ ಅಂತಾರೆ, ಆಡ್ಕೊಂಡ್ರೆ ಒಬಾಟಲಾನ್ನೇ ಆಡ್ಕೊಂಡಂಗೆ.

ತಪ್ಪು ಯಾರ ತಲೆ ಮೇಲೆ ಬಂತು ನೋಡಿ! ಮಗೂದಲ್ಲ, ಹೆತ್ತೋಳದ್ದೂ ಅಲ್ಲ. ನಂಗೆ ಪೋಲಿಯೋ ಆದಾಗ ಮನೆಗೆ ಬಂದೋರೆಲ್ಲ ಅಮ್ಮನ ಮುಂದೆ "ಹಿಂದಿನ ಜನ್ಮದ್ದು ಕಣಮ್ಮ, ಅನುಭವಿಸ್ಬೇಕು" ಅಂತ ಹೇಳಿ ಕಾಫಿ ಕುಡಿದು ಹೋಗೋರು. ಅಮ್ಮ ನಂಬಿದ್ಲು. ಈಗ್ಲೂ ನಂಬ್ತಾಳೆ, ನನ್ನೆದುರಿಗೆ ಹೇಳಲ್ಲ ಅಷ್ಟೆ.

"ಹಂಗಾದ್ರೆ ಪೂರ್ವ ಆಫ್ರಿಕಾದ ಟಾಂಜಾನಿಯಾದಲ್ಲಿ ಆದ ಕೊಲೆಗಳು ಸುಳ್ಳಾ?" ಅಂತೀರಾ. ಸುಳ್ಳಲ್ಲ. ವಿಕ್ಟೋರಿಯಾ ಸರೋವರದ ಸುತ್ತಮುತ್ತ ಅಲ್ಬಿನಿಸಂ ಇರೋರ ಕೈಕಾಲು ಕಡಿದು ಮಾರಿದಾರೆ, ತಾಯತಕ್ಕೆ ಹಾಕಿದ್ರೆ ಚಿನ್ನ ಸಿಗುತ್ತೆ, ಮೀನು ಬೀಳುತ್ತೆ ಅಂತ. 2015ರಲ್ಲಿ ಅಲ್ಲಿನ ಸರ್ಕಾರ ಮಾಟಗಾರರನ್ನ ಬ್ಯಾನ್ ಮಾಡ್ತು. ಆದ್ರೆ ಅದು ದುಡ್ಡಿನ ದಂಧೆ ಕಣ್ರೀ, ಅದಕ್ಕೂ ಯೊರುಬಾ ದೇವರಿಗೂ ಏನು ಸಂಬಂಧ? ನಿಧಿ ಆಸೆಗೆ ನಮ್ಮ ಕಡೆ ನರಬಲಿ ಸುದ್ದಿ ಬಂದಾಗ "ಇದೇ ನಮ್ಮ ಧರ್ಮ" ಅಂತ ಯಾರಾದ್ರೂ ಫಾರ್ವರ್ಡ್ ಮಾಡಿದ್ರಾ? ನಂಗಂತೂ ಬಂದಿಲ್ಲ.

ಯೊರುಬಾ ಊರುಗಳೇನು ಸ್ವರ್ಗ ಅಲ್ಲ, ಆಡ್ಕೊಳ್ಳೋರು ಅಲ್ಲೂ ಇರ್ತಾರೆ. ಆದ್ರೆ ಆಡ್ಕೊಳ್ಳೋನು ದೇವರಿಗೆ ಹೆದರ್ಬೇಕು. ಇಲ್ಲಿ ಅವನಿಗೇ ದೇವರ ಸಪೋರ್ಟು, ಜೊತೆಗೆ ಫಿಲ್ಟರ್ ಕಾಫಿ.

ಅಮ್ಮಂಗೆ ಈ ಕಥೆ ಹೇಳ್ದೆ. ಮೊದ್ಲು "ದೇವರು ಕುಡೀತಾನೇನೋ" ಅಂತ ಬೈದ್ಲು. ಪೂರ್ತಿ ಕೇಳಿದ್ಮೇಲೆ "ಪಾಪ, ಅಮಲಿಳಿದಾಗ ಎಷ್ಟು ಸಂಕಟಪಟ್ನೋ" ಅಂದ್ಲು. ಒಬಾಟಲಾಗೆ ಪಾಪ ಅಂತೆ, ನಂಗಲ್ಲ!