ನನ್ನ ಹೆಸರು ‘ಇವ್ರು’

ಆಧಾರ್ ಕಾರ್ಡಿನಲ್ಲಿ, ಕರೆಂಟು ಬಿಲ್ಲಿನಲ್ಲಿ, ಗ್ಯಾಸ್ ಪುಸ್ತಕದಲ್ಲಿ ನನಗೊಂದು ಹೆಸರಿದೆ. ತಾತನ ಹೆಸರು, ಸಾಕಷ್ಟು ಗಂಭೀರವಾದದ್ದು. ಮನೆಯೊಳಗೆ ಮಾತ್ರ ಅದಕ್ಕೆ ಚಲಾವಣೆಯಿಲ್ಲ. ಧಾರವಾಡದ ನನ್ನ ಹೆಂಡತಿಗೆ ನಾನು ಎದುರಿಗಿದ್ದರೆ ‘ರೀ’, ಪಕ್ಕದ ಕೋಣೆಯಲ್ಲಿದ್ದರೆ ‘ಏನ್ರೀ’, ನಾಲ್ಕು ಜನರ ಮುಂದೆ ‘ನಮ್ಮನಿಯವ್ರು’. ಸಿಟ್ಟು ಬಂದಾಗ ನೇರ ಮಾತಿಲ್ಲ, ಮಗಳ ಮೂಲಕ ‘ನಿಮ್ಮ ಪಪ್ಪಾಗ ಹೇಳು’. ಅವಳ ಮೊಬೈಲಿನಲ್ಲಿ ‘ಇವ್ರು’.

ಇದು ಮೊಬೈಲಿನೊಳಗೇ ಉಳಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಫೋನ್ ಮಾಡಿದವರು ಯಾರೆಂದು ತೋರಿಸುವ ಆ್ಯಪ್‌ಗಳಿವೆಯಲ್ಲ, ಅವು ಜನ ಸೇವ್ ಮಾಡಿಟ್ಟ ಹೆಸರುಗಳನ್ನೇ ಹೆಕ್ಕಿ ಊರಿಗೆಲ್ಲ ಹಂಚುತ್ತವೆ. ಗೀಸರ್ ರಿಪೇರಿ ಹುಡುಗನಿಗೆ ಫೋನ್ ಮಾಡಿದರೆ ‘ಹೇಳಿ ಇವ್ರೇ’ ಅಂದ. ಸಾಲ ಬೇಕೇ ಎಂದು ಪೀಡಿಸುವ ಹುಡುಗಿ ದೂರದ ಯಾವುದೋ ಊರಿನಿಂದ ‘ಮಿಸ್ಟರ್ ಐವ್ರು?’ ಎಂದಳು. ಹೆಸರಾದರೂ ಹಾಕು ಮಾರಾಯ್ತಿ ಎಂದು ಹೆಂಡತಿಯನ್ನು ಬೇಡಿಕೊಂಡೆ. ಅವಳು ಉದಾರ ಮನಸ್ಸಿನಿಂದ ‘ಮನಿ’ ಎಂದು ಬದಲಾಯಿಸಿದಳು. ಮನಿಯವ್ರು ಎನ್ನುವುದರ ಚಿಕ್ಕರೂಪವಂತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದನ್ನು ಲೋಕವೆಲ್ಲ ‘ಮಣಿ’ ಎಂದು ಓದಿತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ತಮಿಳಿನವನು. ಅವತ್ತಿನಿಂದ ‘ಮಣಿ ಸಾರ್, ಎಂದ ಊರು?’ ಎಂದು ಕೇಳುತ್ತಾನೆ. ಮಂಡ್ಯ ಎಂದರೆ ನಂಬುವುದಿಲ್ಲ.

ಗಂಡನನ್ನು ಹೆಸರಿಲ್ಲದೆ ಕರೆಯುವ ವಿದ್ಯೆ ನಮ್ಮವರದು ಮಾತ್ರವಲ್ಲ. ಬೆಳಿಗ್ಗೆ ಏಳೂವರೆಗೆ, ಅಂದರೆ ಗಂಡಸರು ಟವೆಲ್ ಮರೆತು ಸ್ನಾನಕ್ಕೆ ಹೋಗುವ ಹೊತ್ತಿಗೆ, ನಮ್ಮ ಮಹಡಿಯಲ್ಲಿ ನಿಂತರೆ ಸಾಕು. ಒಂದು ಬಾಗಿಲಿನಿಂದ ತೆಲುಗಿನ ‘ಏವಂಡಿ’, ಇನ್ನೊಂದರಿಂದ ತಮಿಳಿನ ‘ಏಂಗ’, ಮೂಲೆ ಮನೆಯಿಂದ ಮರಾಠಿಯ ‘ಅಹೋ’. ಎಲ್ಲಕ್ಕೂ ಒಳಗಿಂದ ಬರುವ ಉತ್ತರ ಒಂದೇ, ‘ಹ್ಞಾಂ’.

ಗೊಂದಲ ಎದ್ದದ್ದು ಕೆಳಗಿನ ಮಲಯಾಳಿ ಮನೆಯಿಂದ. ಊರಿಂದ ಬಂದಿದ್ದ ಅಮ್ಮ ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತಾ ಆ ಹುಡುಗಿ ಗಂಡನನ್ನು ‘ಚೇಟ್ಟಾ’ ಎನ್ನುವುದನ್ನು ಕೇಳಿಸಿಕೊಂಡಳು. ಚೇಟ್ಟಾ ಅಂದರೆ ಅಣ್ಣ ಎಂದು ಮೊಮ್ಮಗಳಿಂದ ತಿಳಿದದ್ದೇ ತಡ, ಅರ್ಧ ಸುಲಿದ ಕಾಯಿ ಕೈಯಲ್ಲೇ ಉಳಿಯಿತು. “ಅಲ್ಲ ಕಣೋ, ತಾಳಿ ಕಟ್ಟಿದೋನ್ನ ಅಣ್ಣಾ ಅಂತಾಳಲ್ಲೋ! ಕೇಳೋರಿಲ್ವಾ?” ಅಷ್ಟರಲ್ಲಿ ಒಳಗೆ ಅಪ್ಪ ಕೆಮ್ಮಿದರು. ಅಮ್ಮ ಕುಳಿತಲ್ಲಿಂದಲೇ, “ಮಾವಾ, ಕಾಫಿ ಆರೋಯ್ತದೆ, ಕುಡ್ಕೊಳಿ” ಎಂದು ಕೂಗಿ ಹೇಳಿ, ಮತ್ತೆ ಕೆಳಮನೆಯ ವಿಚಾರಕ್ಕೆ ಬಂದಳು. ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದೂ, ಆದಮೇಲೂ ಮಾವ ಎಂದೇ ಕರೆಯುವುದೂ ಮಾಮೂಲು. ಅದನ್ನು ನೆನಪಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಗಂಡಸರು ಹೆಂಡತಿಯನ್ನು ಕರೆಯುವುದೂ ಅಷ್ಟು ಸಲೀಸಲ್ಲ. ನಮ್ಮ ಕಡೆ ಹೆಂಡತಿಗೆ ‘ಲೇ’ ಅಂದರೆ ಸಲಿಗೆ. ಹೊಸದಾಗಿ ಅತ್ತೆಮನೆಗೆ ಹೋದಾಗ ಪಡಸಾಲೆಯಿಂದ ‘ಲೇ, ನೀರು ತಗೊಂಡ್ ಬಾ’ ಎಂದೆ. ನೀರು ತಂದವನು ಭಾಮೈದ, ಮುಖ ಊದಿಸಿಕೊಂಡು. ಅಲ್ಲಿ ‘ಲೇ’ ಅನ್ನುವುದು ಗಂಡುಹುಡುಗರಿಗೆ!

ಹಾಗಂತ ಅವರ ಕಡೆ ಗಂಡನ ಹೆಸರು ಹೇಳುವುದೇ ಇಲ್ಲವೆಂದಲ್ಲ. ಹೇಳಿಸಲಿಕ್ಕೆಂದೇ ಒಡಪು ಎಂಬ ಏರ್ಪಾಡಿದೆ. ಮದುವೆ, ಕುಬಸ ಯಾವುದೇ ಇರಲಿ, ಹೆಂಗಸರು ಸುತ್ತುವರಿದು ‘ಹೆಸರ ಹೇಳವ್ವಾ’ ಎಂದು ಪಟ್ಟು ಹಿಡಿಯುತ್ತಾರೆ. ಬರೀ ಹೆಸರು ಹೇಳಿದರೆ ನಡೆಯದು, ಪ್ರಾಸದ ನಡುವೆ ಸೇರಿಸಿ ಹೇಳಬೇಕು. ಮದುವೆಯಾದ ಹೊಸತರಲ್ಲಿ ನನ್ನವಳು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ, ಒಂದೇ ಉಸಿರಿಗೆ ಅಂದಳು: “ಧಾರವಾಡದ ಪೇಡೆ, ಬೆಳಗಾವಿ ಕುಂದಾ, (ಇಲ್ಲಿ ನನ್ನ ಹೆಸರು) ರಾಯರು ಹಿಂದ, ನಾ ಅವರ ಮುಂದ.” ಹೆಂಗಸರೆಲ್ಲ ಹೋ ಎಂದರು. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ ಸಂಭ್ರಮದಲ್ಲಿ ಮಿಕ್ಕಿದ್ದರ ಅರ್ಥ ನನಗೆ ಆಮೇಲೆ, ನಿಧಾನವಾಗಿ ಹೊಳೆಯಿತು.

ಇದೆಲ್ಲ ಬರೀ ತಮಾಷೆಯಾಗಿದ್ದರೆ ಚೆನ್ನಾಗಿತ್ತು. 1951-52ರ ಮೊದಲ ಮಹಾಚುನಾವಣೆಯಲ್ಲಿ ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಬಹುಪಾಲು ಉತ್ತರದ ರಾಜ್ಯಗಳವರು. ಅವರ ಮುಂದೆ ಮಣಿ ಸಾರ್ ಗೋಳು ಯಾವ ಲೆಕ್ಕ!

ಮೊನ್ನೆ ‘ಆತ್ಮನಾಮ ಗುರೋರ್ನಾಮ’ ಎಂಬ ಹಳೆಯ ಶ್ಲೋಕ ಸಿಕ್ಕಿತು. ಶ್ರೇಯಸ್ಸು ಬಯಸುವವನು ತನ್ನ ಹೆಸರು, ಗುರುವಿನ ಹೆಸರು, ಅತಿ ಜಿಪುಣನ ಹೆಸರು, ಹಿರಿಯ ಮಗುವಿನ ಹೆಸರು, ಹೆಂಡತಿಯ ಹೆಸರು ಹೇಳಬಾರದಂತೆ. ಗೆದ್ದೆ ಎನಿಸಿತು. ಅಡುಗೆಮನೆಗೆ ಓಡಿ ಓದಿ ಹೇಳಿದೆ, “ನೋಡು, ಹೆಂಡತಿ ಹೆಸರು ಹೇಳಬಾರದು ಅಂತಿದೆಯೇ ಹೊರತು, ಗಂಡನದು ಅಂತ ಎಲ್ಲೂ ಇಲ್ಲ. ಧಾರಾಳವಾಗಿ ಕರಿ.”

ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು, “ಇನ್ನೊಮ್ಮೆ ಓದ್ರಿ. ಮೂರನೇದು ಯಾರ ಹೆಸರಂದ್ರಿ?”