ಕೈಗಾ ಅಣುಬಾಂಬಿನಂತೆ ಸಿಡಿಯುತ್ತದೆಯೇ? ಸತ್ಯಾಂಶ ಇಲ್ಲಿದೆ

ಕಾರವಾರದ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಅದೇ ಸಂದೇಶ: ‘ಕೈಗಾ ಅಂದ್ರೆ ಪಕ್ಕದಲ್ಲೇ ಅಣುಬಾಂಬ್, ಯಾವತ್ತಾದ್ರೂ ಸಿಡಿಯುತ್ತೆ.’

ಕೈಗಾ ಅಣು ವಿದ್ಯುತ್ ಸ್ಥಾವರ ಹಾಗೆ ಸಿಡಿಯಲು ಸಾಧ್ಯವೇ ಇಲ್ಲ. ಯುರೇನಿಯಂ ಬಾಂಬಿಗೆ ಸುಲಭವಾಗಿ ಒಡೆದು ಶಕ್ತಿ ಕೊಡುವ ಬಗೆಯಾದ ಯುರೇನಿಯಂ-235ರ ಪಾಲು ಸುಮಾರು ಶೇ 90 ಬೇಕು. ಕೈಗಾದಲ್ಲಿ ಬಳಸುವ ನೈಸರ್ಗಿಕ ಯುರೇನಿಯಂನಲ್ಲಿ ಅದು ಶೇ 0.7 ಮಾತ್ರ. ಇಂಧನ ಅಂದರೆ ಮೊಳದುದ್ದದ ಕೊಳವೆಗಳ ಕಂತೆ, ಒಳಗೆ ಪುಟ್ಟ ಬಿಲ್ಲೆಗಳು. ಅದರ ಬಿಸಿಗೆ ನೀರು ಆವಿಯಾಗಿ ಟರ್ಬೈನ್ ತಿರುಗುತ್ತದೆ.

ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಸ್ಥಾವರ ನಿಂತ ಮೇಲೂ ಇಂಧನ ಬಿಸಿ ಇರುತ್ತದೆ, ತಂಪು ಮಾಡುತ್ತಲೇ ಇರಬೇಕು. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಕೈಕೊಟ್ಟಿದ್ದು ಈ ತಂಪು ಮಾಡುವ ವ್ಯವಸ್ಥೆಯೇ. ನಾವು ಕೇಳಬೇಕಾದ್ದು ಇದನ್ನು, ಅಲ್ವಾ?

ಬೆಳೆಯುತ್ತಿರುವ ದೇಶಕ್ಕೆ ಹಗಲು ರಾತ್ರಿ ಎನ್ನದೆ ಸಿಗುವ, ಹೊಗೆಯಿಲ್ಲದ ಕರೆಂಟ್ ಬೇಕು. ಕೈಗಾದ ಮೊದಲ ಘಟಕ 2018ರ ಕೊನೆಗೆ ನಿಂತಾಗ 962 ದಿನ ಬಿಡದೆ ಓಡಿತ್ತು.