ಸತ್ಯಾಂಶ: ಚರ್ಮದಿಂದ ಲಿವರ್ ಮಾಡುವ ಇಂಜೆಕ್ಷನ್ ಬಂದಿದೆಯಾ?

"ಚರ್ಮದ ಕೋಶದಿಂದ ಹೊಸ ಲಿವರ್! ಒಂದೇ ಇಂಜೆಕ್ಷನ್, ಇನ್ನು ಕಸಿ ಬೇಡ." ಬದಿಯಡ್ಕದ ನಮ್ಮ ಮಾವನ ವಾಟ್ಸಾಪಿಗೆ ಬಂದ ಮೆಸೇಜ್ ಇದು. ಫೋನನ್ನು ನನ್ನ ಕೈಗಿಟ್ಟು, "ಇದು ಹೌದಾ?" ಎಂದು ಕೇಳಿದರು. ಇನ್ನೊಂದು ಕೈಯಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿ ಇತ್ತು.

ಸುದ್ದಿ ಪೂರ್ತಿ ಸುಳ್ಳಲ್ಲ. 2011ರಲ್ಲಿ ಚೀನಾದ ಒಂದು ತಂಡ, ಜಪಾನಿನ ಇನ್ನೊಂದು ತಂಡ ಇಲಿಯ ಸಾಮಾನ್ಯ ಕೋಶಗಳನ್ನು ನೇರವಾಗಿ ಲಿವರ್ ಕೋಶದ ಹಾಗೆ ಬದಲಾಯಿಸಿದವು. ಹೇಗೆ ಅಂದರೆ, ಚರ್ಮದಲ್ಲೂ ಲಿವರಿನಲ್ಲೂ ಇರುವ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಯಾವುದು ಆನ್, ಯಾವುದು ಆಫ್ ಅನ್ನುವುದರಲ್ಲಿ ವ್ಯತ್ಯಾಸ. ಲಿವರಿನ ಜೀನ್‌ಗಳನ್ನು ಆನ್ ಮಾಡುವ ಎರಡು-ಮೂರು ಪ್ರೋಟೀನುಗಳು ಕೋಶದಲ್ಲಿ ಜಾಸ್ತಿ ತಯಾರಾಗುವಂತೆ ಮಾಡಿದರು. ಕೋಶ ಆಲ್ಬುಮಿನ್ (ಲಿವರ್ ತಯಾರಿಸುವ ಒಂದು ಪ್ರೋಟೀನು) ಮಾಡತೊಡಗಿತು! ಲಿವರ್ ಕೆಟ್ಟ ಇಲಿಗಳಿಗೆ ಈ ಕೋಶ ಹಾಕಿದಾಗ ಕೆಲವು ಬದುಕಿಯೂ ಉಳಿದವು. 2014ರಲ್ಲಿ ಮನುಷ್ಯರ ಕೋಶಗಳಲ್ಲೂ ಇದು ಸಾಧ್ಯವಾಯಿತು. ನನಗಂತೂ ಇದು ದೊಡ್ಡ ಕೆಲಸವೇ.

ಆದರೆ ಅದು ಲಿವರ್ ಅಲ್ಲ, ಲಿವರಿನಂಥ ಕೋಶ. ನಿಜವಾದ ಲಿವರಿನಲ್ಲಿ ರಕ್ತನಾಳ, ಪಿತ್ತನಾಳ, ಬೇರೆ ಬೇರೆ ಕೋಶ ಎಲ್ಲ ಇರಬೇಕು, ಅಲ್ವಾ? ಲ್ಯಾಬಿನಲ್ಲಿ ಆದ ಕೋಶ ಅದರ ಎಲ್ಲ ಕೆಲಸವನ್ನೂ ಅಷ್ಟೇ ಚೆನ್ನಾಗಿ ಮಾಡುವುದಿಲ್ಲ. ಕಸಿಯ ಬದಲಿಗೆ ಕೊಡುವ ಇಂಜೆಕ್ಷನ್ ಆಸ್ಪತ್ರೆಗಳಲ್ಲಿ ಇಲ್ಲ.

"ಮಾತ್ರೆ ನಿಲ್ಲಿಸಬೇಡಿ ಮಾವ" ಎಂದೆ. ಮಂಗಳೂರಿನ ಡಾಕ್ಟರ ಹತ್ತಿರ ಮುಂದಿನ ಸಲ ಯಾವಾಗ ಹೋಗಬೇಕು ಎಂದು ಇಬ್ಬರೂ ಚೀಟಿ ಹುಡುಕಿದೆವು.